ಬೆಳಕಿನ ವಿಶ್ಲೇಷಣೆ, ಜೀವದ ಅನ್ವೇಷಣೆ

2023ರ ಜುಲೈ 14ರಂದು ಚಂದ್ರಯಾನ-3ರೊಡನೆ ಗಗನಕ್ಕೇರಿದ ‘ಶೇಪ್’ ಉಪಕರಣವು, ಚಂದ್ರನ ಕಕ್ಷೆಯಿಂದ ನಮ್ಮ ಭೂಮಿಯನ್ನೇ ಸೌರಮಂಡಲದಾಚೆಯ ಪರಗ್ರಹವೆಂಬಂತೆ ಈಕ್ಷಿಸಿ, ಜೀವವುಳ್ಳ ಗ್ರಹದ ಬೆಳಕು ಎಂತಹ ಲಕ್ಷಣಗಳನ್ನು ಧರಿಸಿರುವುದೆಂಬುದನ್ನು ಅರಿಯುವ ಸಲುವಾಗಿ ನಿರ್ಮಿತವಾದುದು. ಬೆಂಗಳೂರಿನಲ್ಲಿ ರೂಪುಗೊಂಡ ಈ ಉಪಕರಣದೊಳಗಿನ ಸ್ಫಟಿಕವು, ತನ್ನಲ್ಲಿ ಹರಿಯುವ ಶಬ್ದತರಂಗದ ಆವೃತ್ತಿಗೆ ಅನುಗುಣವಾಗಿ, ಅವಕೆಂಪು ಬೆಳಕಿನ ಒಂದೊಂದೇ ತರಂಗಾಂತರವನ್ನು ಆಯ್ದುಕೊಡುತ್ತದೆ. ವಾಯುಮಂಡಲದ ನೀರಾವಿ, ಆಮ್ಲಜನಕಗಳು ಹೀರಿದ ತರಂಗಾಂತರಗಳಲ್ಲಿ ಬೆಳಕು ಕ್ಷೀಣವಾಗಿ ಕಾಣುವುದರಿಂದ, ಆ ಅನಿಲಗಳ ಇರವು ವಿದಿತವಾಗುತ್ತದೆ.

1995ರಲ್ಲಿ ಸೂರ್ಯಸದೃಶ ನಕ್ಷತ್ರವೊಂದರ ಸುತ್ತ ಮೊದಲ ಪರಗ್ರಹ ಪತ್ತೆಯಾದ ಬಳಿಕ ಇಂದಿನವರೆಗೆ ಐದು ಸಾವಿರಕ್ಕೂ ಮಿಕ್ಕಿ ಪರಗ್ರಹಗಳು ದೃಢಪಟ್ಟಿವೆ. ಅವುಗಳ ಬೆಳಕಿನಲ್ಲಿ ಜೀವದ ಕುರುಹನ್ನು ಅರಸುವ ಈ ಮಹಾನ್ವೇಷಣೆಯು ರಾಜಧಾನಿಯ ಪ್ರಯೋಗಾಲಯಗಳಿಗೆ ಮಾತ್ರ ಮೀಸಲಾಗಬಾರದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪ್ರತಿಯೊಂದು ಕಾಲೇಜಿನ ವಿದ್ಯಾರ್ಥಿಯೂ ರೋಹಿತದರ್ಶಕದಲ್ಲಿ ಬೆಳಕನ್ನು ತಾನೇ ಬಿಡಿಸಿ ನೋಡುವಂತಾಗಲು ಬೇಕಾದ ಉಪಕರಣಗಳನ್ನೂ ನುರಿತ ಅಧ್ಯಾಪಕರನ್ನೂ ಸರ್ಕಾರವು ಅವಿಲಂಬವಾಗಿ ಒದಗಿಸತಕ್ಕದ್ದು.