ಲೆನ್ಸು ನಮ್ಮದು, ಬೀಗ ಕಂಪನಿಯದು

ಡಿಎಸ್‌ಎಲ್‌ಆರ್ ಕೊಳ್ಳಲು ಹೋದವರಿಗೆಲ್ಲ ಸಿಗುವ ಉಪದೇಶ ಒಂದೇ: ಬಾಡಿ ಬದಲಾಗುತ್ತದೆ, ಲೆನ್ಸು ಉಳಿಯುತ್ತದೆ, ದುಡ್ಡನ್ನು ಲೆನ್ಸಿನ ಮೇಲೆ ಹಾಕಿ. ಉಪದೇಶ ಕೆಟ್ಟದ್ದಲ್ಲ. ಆದರೆ ಲೆನ್ಸು ಎಷ್ಟು ಕಾಲ ಉಳಿಯಬೇಕು ಎಂದು ತೀರ್ಮಾನಿಸುವುದು ಅದರ ಗಾಜಲ್ಲ, ಕಂಪನಿ. ಕ್ಯಾನನ್ ನಡೆದುಬಂದ ದಾರಿಯನ್ನೇ ನೋಡಿ.

1987ರಲ್ಲಿ ಕ್ಯಾನನ್ ತನ್ನ ಎಫ್‌ಡಿ ಮೌಂಟನ್ನು ಬಿಟ್ಟು ಇಎಫ್ ಮೌಂಟ್ ತಂದಿತು. ಹಳೆಯ ಲೆನ್ಸುಗಳು ಹೊಸ ಕ್ಯಾಮೆರಾದಲ್ಲಿ ನೇರವಾಗಿ ಕೂರಲಿಲ್ಲ. ಅದಕ್ಕೆ ಕಾರಣವಿತ್ತು: ಫೋಕಸ್, ಅಪರ್ಚರ್ ಎರಡನ್ನೂ ವಿದ್ಯುತ್ ಸಂಕೇತಗಳಿಂದಲೇ ನಡೆಸುವ ಮೌಂಟ್ ಬೇಕಿತ್ತು. 2018ರ ಆರ್‌ಎಫ್ ಮೌಂಟಿಗೂ ಕಾರಣವಿದೆ. ಒಳಗಿನ ಕನ್ನಡಿ ಹೋದ ಮೇಲೆ ಮೌಂಟು ಸೆನ್ಸರಿನಿಂದ 44 ಮಿ.ಮೀ. ದೂರವಿರಬೇಕಿಲ್ಲ, 20 ಸಾಕು. ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಹೊಸ ಬಾಡಿಯಲ್ಲೂ ಆಟೋಫೋಕಸ್ ಸಮೇತ ಚೆನ್ನಾಗಿಯೇ ಕೆಲಸ ಮಾಡುತ್ತವೆ. ತಂತ್ರಜ್ಞಾನ ಬದಲಾಗುವುದರ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಬೇಕೆಂದೇ ಕಟ್ಟಿದ ಮೆಟ್ಟಿಲುಗಳ ಬಗ್ಗೆ. 2003ರ ಇಒಎಸ್ 300ಡಿ ಹವ್ಯಾಸಿಗಳ ಕೈಗೆಟುಕಿದ ಡಿಎಸ್‌ಎಲ್‌ಆರ್. ಅದೇ ವರ್ಷ ಬಂದ ದುಬಾರಿ 10ಡಿಯಲ್ಲಿದ್ದಂಥ 6.3 ಮೆಗಾಪಿಕ್ಸೆಲ್ ಸೆನ್ಸರೇ ಇದರಲ್ಲೂ ಇತ್ತು. ಆದರೆ ಫ್ಲಾಶ್ ಬೆಳಕನ್ನು ಹೆಚ್ಚುಕಡಿಮೆ ಮಾಡುವಂಥ ಸೌಲಭ್ಯಗಳು ಮೆನುವಿನಲ್ಲಿ ಇರಲಿಲ್ಲ. ಫರ್ಮ್‌ವೇರ್ ತಿದ್ದಬಲ್ಲವರು ತಿದ್ದಿ ನೋಡಿದರೆ ಅವು ಅದೇ ಯಂತ್ರದಲ್ಲಿ ಕೆಲಸ ಮಾಡಿದವು! 2013ರಲ್ಲಿ ಮ್ಯಾಜಿಕ್ ಲ್ಯಾಂಟರ್ನ್ ಎಂಬ ಉಚಿತ ತಂತ್ರಾಂಶ 5ಡಿ ಮಾರ್ಕ್ 3 ಕ್ಯಾಮೆರಾದಿಂದ ರಾ ವಿಡಿಯೋ ತೆಗೆದು ತೋರಿಸಿತು. ಕ್ಯಾನನ್ ಆ ಕ್ಯಾಮೆರಾದಲ್ಲಿ ಅದನ್ನು ಕೊಟ್ಟಿರಲಿಲ್ಲ. ಯಂತ್ರಕ್ಕೆ ಶಕ್ತಿಯಿತ್ತು, ಅಪ್ಪಣೆ ಇರಲಿಲ್ಲ. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಅನ್ನುತ್ತಾರೆ. ಇಲ್ಲಿ ತೆರೆಯುವುದು ಗ್ರಾಹಕನ ಪರ್ಸು.

ಹತ್ತಿದ ಮೆಟ್ಟಿಲಾದರೂ ನಿಲ್ಲುತ್ತದೆಯೇ? 2012ರಲ್ಲಿ ಕ್ಯಾನನ್ ತನ್ನ ಚಿಕ್ಕ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಇಎಫ್-ಎಂ ಮೌಂಟ್ ತಂದಿತು. ಆರೇ ವರ್ಷಕ್ಕೆ ಆರ್‌ಎಫ್ ಬಂತು. ಇಎಫ್-ಎಂ ಲೆನ್ಸು ಸೆನ್ಸರಿನಿಂದ 18 ಮಿ.ಮೀ. ದೂರದಲ್ಲಿ ಕೂರಬೇಕು, ಆರ್‌ಎಫ್ ಬಾಡಿ ಅದನ್ನು 20ರಲ್ಲೇ ತಡೆಯುತ್ತದೆ. ಆ ಎರಡು ಮಿಲಿಮೀಟರಿನಿಂದಾಗಿ ಸಾದಾ ಅಡಾಪ್ಟರ್ ಕೂಡ ಸಾಧ್ಯವಿಲ್ಲ. 2023ರ ಹೊತ್ತಿಗೆ ಆ ಸಾಲೇ ಮುಗಿಯಿತು. ನಂಬಿ ಲೆನ್ಸು ಕೂಡಿಸಿಕೊಂಡವರಿಗೆ ಉಳಿದದ್ದು ಸೆಕೆಂಡ್‌ಹ್ಯಾಂಡ್ ಬೆಲೆ.

ಬೇರೆಯವರ ಲೆನ್ಸು ಕೊಳ್ಳೋಣವೆಂದರೆ ಅಲ್ಲೂ ಬೀಗ. ಇಎಫ್ ಕಾಲದಲ್ಲಿ ಸಿಗ್ಮಾ, ಟ್ಯಾಮ್ರಾನ್ ಲೆನ್ಸುಗಳೇ ಕಡಿಮೆ ದುಡ್ಡಿನವರ ಆಸರೆ. ಆರ್‌ಎಫ್‌ಗೆ ಆಟೋಫೋಕಸ್ ಲೆನ್ಸು ಮಾಡಿದ ಚೀನಾದ ವಿಲ್ಟ್ರಾಕ್ಸ್, ಕ್ಯಾನನ್ ಪೇಟೆಂಟ್ ಮಾತೆತ್ತಿದ ಮೇಲೆ 2022ರಲ್ಲಿ ಮಾರಾಟ ನಿಲ್ಲಿಸಿತು. ಸಿಗ್ಮಾ, ಟ್ಯಾಮ್ರಾನ್‌ಗೆ ಅನುಮತಿ ಸಿಕ್ಕಿದ್ದು 2024ರಲ್ಲಿ, ಅದೂ ಚಿಕ್ಕ ಸೆನ್ಸರಿನ ಕ್ಯಾಮೆರಾಗಳ ಲೆನ್ಸಿಗೆ. ಸಂಶೋಧನೆಗೆ ಹಾಕಿದ ಹಣ ವಾಪಸು ಬರಬೇಕು ಎಂಬ ವಾದ ನ್ಯಾಯವೇ. ಆದರೆ ಗ್ರಾಹಕ ಅದನ್ನು ಬಾಡಿ ಕೊಂಡಾಗಲೇ ಕೊಟ್ಟಿರುತ್ತಾನಲ್ಲ?

ಕಳೆದುಕೊಳ್ಳುವವರು ಯಾರು? ಹೊಸ ಮಾಡೆಲ್ ಬಂದಾಗಲೆಲ್ಲ ಬದಲಿಸುವ ಸ್ಥಿತಿವಂತರಲ್ಲ. ಮದುವೆ, ನಾಮಕರಣಗಳ ಫೋಟೋ ತೆಗೆದು ಬದುಕುವ ಊರಿನ ಸ್ಟುಡಿಯೋದವರು. ರೈತನಿಗೆ ಹೊಲ ಹೇಗೋ ಅವರಿಗೆ ಲೆನ್ಸು ಹಾಗೆ.

ಕೇಳಬೇಕಾದದ್ದು ದೊಡ್ಡದೇನಲ್ಲ. ಮೌಂಟ್ ನಿಲ್ಲಿಸುವ ಕಂಪನಿ ಅದರ ಸಂಕೇತ ಭಾಷೆಯನ್ನು ಎಲ್ಲರಿಗೂ ಬಿಚ್ಚಿಡಲಿ. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲಿ. ಇಷ್ಟನ್ನೂ ಹೇಳದ ಕಂಪನಿ ಅಪ್‌ಗ್ರೇಡ್ ಮಾಡಿ ಎಂದಾಗ ನಾವೂ ಒಂದು ಮಾತು ಕೇಳಬಹುದು: ಕೈಯಲ್ಲಿರುವ ಕ್ಯಾಮೆರಾ ಯಾವ ಚಿತ್ರವನ್ನು ತೆಗೆಯಲಾರೆ ಎಂದಿದೆ? ಉತ್ತರ ಸಿಗುವವರೆಗೆ ಹಳೆಯದರಲ್ಲೇ ಚಿತ್ರ ತೆಗೆಯೋಣ.