ಮೊದಲು ಮುಟ್ಟಿದವರ ತಲೆಗೆ ಬಿಲ್

ಮಯೂರ್ ವಿಹಾರ್‌ನ ಸೊಸೈಟಿ ಸಭೆಗಳಲ್ಲಿ ಒಂದು ತಕರಾರು ಸದಾ ಹಸಿರು: ಲಿಫ್ಟು, ನೀರಿನ ಪಂಪು, ಮೆಟ್ಟಿಲಿನ ದೀಪ, ಇವುಗಳ ಕರೆಂಟ್ ಖರ್ಚು ಯಾರ ಪಾಲಿಗೆ? ಮನೆಯೊಳಗಿನ ಮೀಟರಿನ ಬಗ್ಗೆ ಯಾರದ್ದೂ ಜಗಳವಿಲ್ಲ. ಜಗಳವೆಲ್ಲ ಹಂಚಿಕೊಂಡದ್ದರ ಬಗ್ಗೆ. ಲಿನಕ್ಸ್ ಕರ್ನೆಲ್‌ಗೂ ಮೆಮೊರಿಯ ವಿಷಯದಲ್ಲಿ ಇದೇ ತಲೆನೋವು.

ಇಂದು ಒಂದೇ ಸರ್ವರ್‌ನಲ್ಲಿ ಹತ್ತಾರು ಕಂಟೇನರ್‌ಗಳು ಬಾಡಿಗೆಗಿರುತ್ತವೆ. ಯಾರು ಎಷ್ಟು ಮೆಮೊರಿ ತಿಂದರು ಎಂಬ ಲೆಕ್ಕವಿಲ್ಲದಿದ್ದರೆ ಒಬ್ಬರ ದುಂದಿಗೆ ಪಕ್ಕದವರು ಸಾಯಬೇಕು. ಮೆಮೊರಿ ಪೂರ್ತಿ ಮುಗಿದಾಗ ಕರ್ನೆಲ್‌ನ ಓಓಎಂ ಕಿಲ್ಲರ್ ಮುಖ್ಯವಾಗಿ ಗಾತ್ರ ನೋಡಿ ಬಲಿ ಆರಿಸುತ್ತದೆ. ಆ ದೊಡ್ಡ ಗಾತ್ರದ್ದು, ಯಾವ ತಪ್ಪೂ ಮಾಡದ ನಿಮ್ಮ ಡೇಟಾಬೇಸೇ ಆಗಿರಬಹುದು.

ಗುಂಪುವಾರು ಮೆಮೊರಿ ಲೆಕ್ಕ ಇಡುವ ವ್ಯವಸ್ಥೆ ಲಿನಕ್ಸ್‌ಗೆ ಬಂದದ್ದು 2008ರ ಏಪ್ರಿಲ್‌ನಲ್ಲಿ, 2.6.25 ಆವೃತ್ತಿಯೊಂದಿಗೆ. ಅದನ್ನು ಬರೆದವರಲ್ಲಿ ಪ್ರಮುಖರು ಆಗ ಐಬಿಎಂ ಇಂಡಿಯಾದಲ್ಲಿದ್ದ ಬಲ್ಬೀರ್ ಸಿಂಗ್. ಹಂಚಿಕೊಂಡ ಮೆಮೊರಿಗೆ ಅಲ್ಲಿರುವ ನಿಯಮ ಸರಳ: 4 ಕೆಬಿಯ ಒಂದು ಪುಟವನ್ನು ಯಾರು ಮೊದಲು ಮುಟ್ಟುತ್ತಾರೋ ಬಿಲ್ ಅವರದ್ದು. ಒಂದೇ ಫೈಲನ್ನು ಹತ್ತು ಕಂಟೇನರ್‌ಗಳು ಓದಿದರೂ ಖರ್ಚು ಮೊದಲು ಓದಿದ್ದರ ಖಾತೆಗೆ. ಉಳಿದ ಒಂಬತ್ತಕ್ಕೆ ಪುಕ್ಕಟೆ.

ಇದು ನ್ಯಾಯವೇ? ಅಲ್ಲ. ಆದರೆ ಸಮಪಾಲು ಹಾಕಹೊರಟರೆ, ಒಬ್ಬರು ಬಂದಾಗಲೂ ಹೋದಾಗಲೂ ಎಲ್ಲರ ಲೆಕ್ಕ ತಿದ್ದಬೇಕು. 16 ಜಿಬಿಯ ಯಂತ್ರದಲ್ಲಿ ಅಂಥ ಪುಟಗಳು ಸುಮಾರು 42 ಲಕ್ಷ. ಗುಮಾಸ್ತನ ಸಂಬಳಕ್ಕೇ ಅಂಗಡಿಯ ಲಾಭವೆಲ್ಲ ಹೋದಂತಾದೀತು. ಆದ್ದರಿಂದಲೇ ಕರ್ನೆಲ್ ಪ್ರತಿ ಪುಟಕ್ಕೂ ಮುಖ್ಯ ಖಾತೆ ತೆರೆಯುವುದಿಲ್ಲ. ಪ್ರತಿ ಸಿಪಿಯು ಒಂದಷ್ಟು ಪುಟಗಳನ್ನು ಮುಂಗಡವಾಗಿ ಬರೆಸಿಟ್ಟುಕೊಳ್ಳುತ್ತದೆ, ನಾವು ಮೆಟ್ರೋ ಕಾರ್ಡಿಗೆ ಒಮ್ಮೆಲೇ ದುಡ್ಡು ತುಂಬಿಸಿಕೊಂಡಂತೆ.

ಮೊದಲ ವ್ಯವಸ್ಥೆಯಲ್ಲಿ ಒಂದು ದೊಡ್ಡ ಬಿರುಕಿತ್ತು. ನಮಗಾಗಿ ಕರ್ನೆಲ್ ತಾನೇ ಬಳಸುವ ಮೆಮೊರಿ ಯಾರ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಲಕ್ಷಾಂತರ ಪುಟ್ಟ ಫೈಲುಗಳನ್ನು ತೆರೆದ ಕಂಟೇನರ್, ಅವುಗಳ ಹೆಸರು ನೆನಪಿಡುವ ಹೊರೆಯನ್ನು ಇಡೀ ಕಟ್ಟಡದ ಮೇಲೆ ಹೊರಿಸಿ, ತನ್ನ ಖಾತೆಯಲ್ಲಿ ಸಾಧುವಿನಂತೆ ಕಾಣುತ್ತಿತ್ತು. 2013ರ ಫೆಬ್ರವರಿಯ 3.8 ಆವೃತ್ತಿಯಿಂದ ಈ ಖರ್ಚನ್ನೂ ಬಳಸಿದವರಿಗೇ ಬರೆಯುವ ಏರ್ಪಾಡು ಬಂತು.

ನಮಗೆ ಇದರಿಂದೇನು? ಕಂಟೇನರ್ 137 ಎಂಬ ಅಂಕೆಯೊಂದಿಗೆ ಸತ್ತು, ಕಾರಣ ಓಓಎಂ ಎಂದು ದಾಖಲಾದರೆ ಹಲವರು ತಕ್ಷಣ ಮಿತಿಯನ್ನು ಎರಡು ಪಟ್ಟು ಮಾಡುತ್ತಾರೆ. ಅದಕ್ಕೂ ಮೊದಲು 'ಮೆಮೊರಿ.ಸ್ಟ್ಯಾಟ್' ಫೈಲಿನ ಮೂರು ಸಾಲು ಓದಿ. 'ಅನಾನ್' ಏರುತ್ತಲೇ ಇದ್ದರೆ ಅನುಮಾನ ಮೊದಲು ನಿಮ್ಮ ಪ್ರೋಗ್ರಾಂ ಮೇಲೆ. 'ಫೈಲ್' ಹೆಚ್ಚಿದ್ದರೆ ಗಾಬರಿ ಬೇಡ. ಅದರ ಬಹುಪಾಲನ್ನು ಕರ್ನೆಲ್ ಬೇಕಾದಾಗ ಹಿಂಪಡೆಯುತ್ತದೆ. 'ಸ್ಲ್ಯಾಬ್' ಉಬ್ಬಿದ್ದರೆ ಎಷ್ಟು ಫೈಲುಗಳನ್ನು ಮುಟ್ಟುತ್ತಿದ್ದೀರಿ ಎಂದು ಎಣಿಸಿ. ಮಿತಿ ಏರಿಸುವ ಮಾತು ಆಮೇಲೆ.