ದೇವರ ಹೆಸರಲ್ಲಿ ಮನಸ್ಸು ಮುಟ್ಟುವವರೇ, ಲೆಕ್ಕ ಕೊಡಿ

ನನ್ನ ಅಕ್ಕನನ್ನು ಆತನ ಮುಂದೆ ಕೂರಿಸಿದವನು ನಾನು. ಆ ತಪ್ಪು ಒಪ್ಪಿಕೊಂಡೇ ಮುಂದಿನ ಮಾತು ಆಡುತ್ತೇನೆ.

ಅವಳ 19 ವರ್ಷದ ಮಗ ತಾನಾಗಿ ಜೀವ ಕಳೆದುಕೊಂಡು ನಾಲ್ಕು ತಿಂಗಳಾಗಿತ್ತು. ಅಕ್ಕ ಉಣ್ಣುತ್ತಿರಲಿಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ. ರಾತ್ರಿ ಹೊತ್ತು ಕೇರಿಯ ಮಾರೆಮ್ಮ ಬಂದು ತನ್ನ ಮಗ್ಗುಲಲ್ಲಿ ಕೂರುತ್ತಾಳೆ ಎನ್ನುತ್ತಿದ್ದಳು. ಸರ್ಕಾರಿ ಆಸ್ಪತ್ರೆಯ ಮಾತ್ರೆ ನಡೆಯುತ್ತಿತ್ತು. ಪಟ್ಟಣದಲ್ಲಿ ಒಬ್ಬರಿದ್ದಾರೆ, ಮನಶ್ಶಾಸ್ತ್ರವನ್ನೂ ಅಧ್ಯಾತ್ಮವನ್ನೂ ಕೂಡಿಸಿ ವಾಸಿ ಮಾಡುತ್ತಾರೆ ಎಂದು ಯಾರೋ ಹೇಳಿದರು. ಬೋರ್ಡಿನ ಮೇಲೆ ‘ಆಧ್ಯಾತ್ಮಿಕ ಆಪ್ತಸಮಾಲೋಚಕರು’ ಎಂದಿತ್ತು. ಗೋಡೆಯ ತುಂಬ ಚೌಕಟ್ಟು ಕಟ್ಟಿಸಿದ ಸರ್ಟಿಫಿಕೇಟುಗಳು. ಒಂದು ಸಲ ಕೂತರೆ ಎರಡು ಸಾವಿರ. ಹೆಸರು ಕೇಳಿದ ಮೇಲೆ ಆತನ ಎರಡನೇ ಪ್ರಶ್ನೆ, “ನೀವು ಯಾವ ಪೈಕಿ?”

ಹೇಳಿದೆವು. ಅದಾದ ಮೇಲೆ ಆತ ಕೇಳುವುದನ್ನು ನಿಲ್ಲಿಸಿ ಹೇಳುವುದಕ್ಕೆ ಶುರುಮಾಡಿದ. ನಿಮ್ಮಲ್ಲಿ ಕೋಣ ಕಡಿಯುವ ಪದ್ಧತಿ ಇತ್ತಲ್ಲ, ಆ ಮೂಕಜೀವದ ಶಾಪ ಇದು. ಹಿಂದಿನ ಜನ್ಮದ ಸಾಲ ವಸೂಲಿಗೆ ಬಂದಿದ್ದ ಮಗ. ಸಾಲ ತೀರಿತು, ಹೊರಟ. ಹಾಗೆ ಹೋದವರಿಗೆ ಮುಕ್ತಿ ಕಷ್ಟ, ಅದಕ್ಕೊಂದು ವಿಧಿ ಮಾಡಿಸಬೇಕು. ಮಾತ್ರೆ ಆತ್ಮವನ್ನು ಮಂಕು ಮಾಡುತ್ತದೆ, ಇವತ್ತೇ ನಿಲ್ಲಿಸಿ.

ಅಕ್ಕ ನಿಲ್ಲಿಸಿದಳು. ಐದನೇ ವಾರ ಒಂದು ಬೆಳಗಿನ ಜಾವ ಹೊಲದ ಬಾವಿಯ ಕಡೆ ನಡೆದಳು. ನೀರು ಕಟ್ಟಲು ಎದ್ದಿದ್ದ ಪಕ್ಕದ ಹೊಲದವರು ನೋಡಿದ್ದರಿಂದ ಇವತ್ತು ಬದುಕಿದ್ದಾಳೆ.

ಕರ್ಮ ಎಂಬ ಮಾತು ನಮ್ಮ ಕೇರಿಗೆ ಹೊಸದಲ್ಲ. ಊರ ಹೊರಗೆ ಯಾಕಿದ್ದೀರಿ ಎಂದರೆ ಕರ್ಮ, ಕೆರೆ ಯಾಕೆ ಮುಟ್ಟಬಾರದು ಎಂದರೆ ಕರ್ಮ, ಅಕ್ಷರ ಯಾಕಿಲ್ಲ ಎಂದರೆ ಅದೂ ಕರ್ಮ. ತಲೆತಲಾಂತರ ಗುಡಿಯ ಹೊರಗೆ ನಿಲ್ಲಿಸಿ ಹೇಳಿದ್ದನ್ನೇ ಈಗ ಏಸಿ ಕೋಣೆಯೊಳಗೆ ಕೂರಿಸಿ, ದನಿ ತಗ್ಗಿಸಿ, ರಸೀದಿ ಇಲ್ಲದೆ ದುಡ್ಡು ಇಸಕೊಂಡು ಹೇಳುತ್ತಿದ್ದಾರೆ. ಹಳೆಯ ಪುರೋಹಿತನ ಕೈಯಲ್ಲಿ ಪಂಚಾಂಗವಿತ್ತು, ಇವನ ಕೈಯಲ್ಲಿ ‘ಥೆರಪಿ’ ಎಂಬ ಪದವಿದೆ. ಮಗ ಸತ್ತ ತಾಯಿಗೆ, ಅವನು ಸಾಲ ವಸೂಲಿಗೆ ಬಂದವನು ಎಂದು ಹೇಳುವುದು ಚಿಕಿತ್ಸೆಯಾದರೆ ಕೊಲೆಗೆ ಬೇರೆ ಯಾವ ಹೆಸರು ಇಡೋಣ?

ಈತನನ್ನು ಹಿಡಿದು ಕೇಳುವವರು ಯಾರು ಎಂದು ಹುಡುಕಿಕೊಂಡು ಹೋದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳಬೇಕಾದರೆ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯ ಪ್ರಕಾರ ನೋಂದಣಿ ಬೇಕು. ಮನೋವೈದ್ಯನಾಗಬೇಕಾದರೆ ಎಂಬಿಬಿಎಸ್ ಮುಗಿಸಿ ಮತ್ತೆ ವರ್ಷಗಟ್ಟಲೆ ಓದಬೇಕು. ಆದರೆ ‘ಆಪ್ತಸಮಾಲೋಚಕ’ ಎಂಬ ಪದಕ್ಕೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ಅದರ ಹಿಂದೆ ‘ಆಧ್ಯಾತ್ಮಿಕ’ ಎಂದು ಸೇರಿಸಿಬಿಟ್ಟರೆ ಕೇಳುವವನ ಬಾಯಿಯೇ ಕಟ್ಟಿಹೋಗುತ್ತದೆ. 2021ರಲ್ಲಿ ಸಂಸತ್ತು ಆರೋಗ್ಯ ಸಂಬಂಧಿ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯಿದೆ ಮಾಡಿತು, ಸಮಾಲೋಚಕರಂಥ ವೃತ್ತಿಗಳನ್ನೂ ಅದರೊಳಗೆ ತಂದಿತು. ನಮ್ಮ ಪಟ್ಟಣದ ಆ ಬೋರ್ಡು ಮಾತ್ರ ಇದ್ದಲ್ಲೇ ಇದೆ.

ದೇವರನ್ನೂ ಮನಸ್ಸಿನ ಚಿಕಿತ್ಸೆಯನ್ನೂ ಕೂಡಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಬಹಳ ಸುಲಭ. ಕೇರಿಯ ಬದುಕು ಗೊತ್ತಿಲ್ಲದ ವಿಚಾರವಾದಿ ಗೆಳೆಯರು ದಿನವೂ ಹೇಳುತ್ತಾರೆ. ಅಕ್ಕನಿಗೆ ಉಳಿದಿದ್ದ ಒಂದೇ ಒಂದು ಆಸರೆ ಮಾರೆಮ್ಮ. ಅದನ್ನು ಕಿತ್ತುಕೊಂಡು ಇವಳನ್ನು ಗುಣ ಮಾಡುತ್ತೇನೆ ಎನ್ನುವ ಅಧಿಕಾರ ಯಾರಿಗೂ ಇಲ್ಲ. ನನ್ನ ಸಿಟ್ಟು ಬೇರೆ. ಈ ಕೆಲಸವನ್ನು ಕಲಿತು, ಲೆಕ್ಕ ಒಪ್ಪಿಸಿ ಮಾಡುವ ದಾರಿ ಜಗತ್ತಿನಲ್ಲಿ ನೂರು ವರ್ಷದಿಂದ ಇದೆ. ಅದನ್ನು ತೆರೆದವನು ಒಬ್ಬ ರೋಗಿ.

ಅವನ ಹೆಸರು ಆಂಟನ್ ಬಾಯ್ಸನ್. ಅಮೆರಿಕದ ಪಾದ್ರಿ. 1920ರ ಅಕ್ಟೋಬರಿನಲ್ಲಿ ಅವನ ಮನಸ್ಸು ಒಡೆದುಹೋಯಿತು; ಲೋಕವೇ ಮುಳುಗುತ್ತಿದೆ ಎಂಬ ಭ್ರಮೆ ಹಿಡಿಯಿತು. ಮನೆಯವರು ಹುಚ್ಚಾಸ್ಪತ್ರೆಗೆ ಸೇರಿಸಿದರು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಒಳಗಿದ್ದ. ಅಲ್ಲಿ ಅವನು ಕಂಡದ್ದು ಎರಡು ಬಗೆಯ ಕಿವುಡು. ಡಾಕ್ಟರಿಗೆ ಅವನ ದೇವರು ಬೇಡ, ಭಾನುವಾರ ಬಂದು ಪ್ರಾರ್ಥನೆ ಓದಿಹೋಗುವ ಪಾದ್ರಿಗೆ ಅವನ ಕಾಯಿಲೆ ಗೊತ್ತಿಲ್ಲ. ಹೊರಗೆ ಬಂದವನು ಅದನ್ನು ಮರೆಯಲಿಲ್ಲ. 1924ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮನೋರೋಗ ಆಸ್ಪತ್ರೆಗೆ ತಾನೇ ಪಾದ್ರಿಯಾಗಿ ಸೇರಿದ. ಮರುವರ್ಷ ಬೇಸಿಗೆಯಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ ನಾಲ್ಕು ಮಂದಿಯನ್ನು ಕರೆಸಿಕೊಂಡು ವಾರ್ಡಿನ ಸಹಾಯಕರಾಗಿ ದುಡಿಯಲು ಹಚ್ಚಿದ. ಪುಸ್ತಕವನ್ನು ಓದುವಷ್ಟೇ ಶ್ರದ್ಧೆಯಿಂದ ಈ ಮನುಷ್ಯರನ್ನು ಓದಿ ಎಂದ. ಇವರು ಜೀವಂತ ದಸ್ತಾವೇಜುಗಳು ಎಂಬುದು ಅವನ ಮಾತಿನ ತಿರುಳು. ಮುಂದೆಯೂ ಕಾಯಿಲೆ ಅವನನ್ನು ಮತ್ತೆ ಕೆಡವಿತು, ಮತ್ತೆ ಎದ್ದ.

ಆ ಬೇಸಿಗೆಯಿಂದ ಬೆಳೆದ ತರಬೇತಿ ಹೇಗಿದೆ ಎಂದು ನಮ್ಮ ಬೋರ್ಡಿನ ಮಹಾಶಯರು ಕೇಳಿಸಿಕೊಳ್ಳಲಿ. ಅದರ ಒಂದು ಘಟಕ ಅಂದರೆ 400 ಗಂಟೆ. ಅಮೆರಿಕದಲ್ಲಿ ಆಸ್ಪತ್ರೆಯ ಆಧ್ಯಾತ್ಮಿಕ ಆರೈಕೆಗಾರರಿಗೆ ಪೂರ್ಣ ಮನ್ನಣೆ ಬೇಕಾದರೆ ಸ್ನಾತಕೋತ್ತರ ಪದವಿಯ ಜೊತೆಗೆ ಇಂಥ ನಾಲ್ಕು ಘಟಕ, ಅಂದರೆ 1600 ಗಂಟೆ. ಕಲಿಯುವವನು ರೋಗಿಯ ಜೊತೆ ಆಡಿದ ಮಾತನ್ನು ನೆನಪಿನಿಂದ ಸಾಲುಸಾಲಾಗಿ ಬರೆದು ತರಬೇಕು. ಅವಳು ಏನಂದಳು, ನೀನು ಏನಂದೆ, ಅವಳು ಅತ್ತಾಗ ನೀನು ಯಾಕೆ ಮಾತು ಬದಲಿಸಿದೆ, ನಿನ್ನ ದೇವರನ್ನು ಅಲ್ಲಿಗೆ ಯಾಕೆ ಎಳೆತಂದೆ ಎಂದು ಜೊತೆಯವರೂ ಮೇಲ್ವಿಚಾರಕರೂ ಕೂತು ಆ ಕಾಗದವನ್ನು ಬಿಡಿಸುತ್ತಾರೆ. ತನ್ನ ಧರ್ಮವನ್ನು ರೋಗಿಯ ಮೇಲೆ ಹೇರುವುದು ವೃತ್ತಿದ್ರೋಹ. ರೋಗಿ ಮುಸ್ಲಿಮನಿರಲಿ, ನಾಸ್ತಿಕನಿರಲಿ, ಅವನ ನಂಬಿಕೆಯ ಭಾಷೆಯಲ್ಲೇ ಅವನ ನೋವನ್ನು ಕೇಳಿಸಿಕೊಳ್ಳಬೇಕು. ಅಕ್ಕನಿಗೆ ಹಾಗೆ ಹೇಳಿದವನು ತನ್ನ ಮಾತನ್ನು ಕಾಗದದ ಮೇಲೆ ಬರೆದು ಹತ್ತು ಜನರ ಮುಂದೆ ಇಡಬೇಕಾಗಿದ್ದರೆ ಆ ಮಾತು ಆಡುತ್ತಿದ್ದನೇ?

ಕೆನಡಾದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿದೆ. ಅಲ್ಲಿನ ಆಧ್ಯಾತ್ಮಿಕ ಆರೈಕೆಯ ಸಂಘ, ಆರೈಕೆ ಮಾಡುವವರಿಗೂ ಅಧ್ಯಾತ್ಮ ಬೆರೆತ ಮನೋಚಿಕಿತ್ಸೆ ಮಾಡುವವರಿಗೂ ಬೇರೆ ಬೇರೆ ಪ್ರಮಾಣೀಕರಣ ಇಟ್ಟಿದೆ. ಒಂಟಾರಿಯೊ ಪ್ರಾಂತ್ಯ 2007ರಲ್ಲಿ ಮನೋಚಿಕಿತ್ಸಾ ಕಾಯಿದೆ ಮಾಡಿ 2015ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಆಧ್ಯಾತ್ಮಿಕ ಆರೈಕೆಗಾರರಲ್ಲಿ ಅನೇಕರು ಆ ಕಾಯಿದೆಯಡಿ ನೋಂದಾಯಿತ ಮನೋಚಿಕಿತ್ಸಕರಾಗಿದ್ದಾರೆ. ಅವರ ಹೆಸರು ಸಾರ್ವಜನಿಕ ಪಟ್ಟಿಯಲ್ಲಿರುತ್ತದೆ, ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ದೂರು ಕೊಡಬಹುದು. ಆ ದೇಶದ ಚರ್ಚುಗಳನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅದೇ ಕೆನಡಾದಲ್ಲಿ ಚರ್ಚುಗಳು ನಡೆಸಿದ ವಸತಿಶಾಲೆಗಳು ಒಂದೂವರೆ ಲಕ್ಷ ಆದಿವಾಸಿ ಮಕ್ಕಳನ್ನು ತಾಯಂದಿರ ಮಡಿಲಿನಿಂದ ಎಳೆದೊಯ್ದವು, ಅವರ ನುಡಿಯನ್ನೂ ದೇವರನ್ನೂ ಕಿತ್ತುಕೊಂಡವು. ಅಲ್ಲಿನ ಸತ್ಯ ಮತ್ತು ಸಂಧಾನ ಆಯೋಗ 2015ರ ವರದಿಯಲ್ಲಿ ಅದನ್ನು ಸಾಂಸ್ಕೃತಿಕ ನರಮೇಧ ಎಂದು ಕರೆಯಿತು. ಧರ್ಮದ ಕೈ ಗಾಯ ಮುಟ್ಟುವುದಾದರೆ ಆ ಕೈಯನ್ನು ಕಾನೂನು ಹಿಡಿದಿರಬೇಕು ಎಂದು ನಾನು ಹೇಳುವುದು ಇದಕ್ಕೇ.

ನಮ್ಮಲ್ಲಿ ಆ ಕೈ ಏನು ಮಾಡಿದೆ? 2001ರ ಆಗಸ್ಟ್ 6. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿ. ದರ್ಗಾದ ಆಶ್ರಯಕ್ಕೆಂದು ಬಂದವರನ್ನು ಇಟ್ಟುಕೊಂಡಿದ್ದ ಒಂದು ಖಾಸಗಿ ಮನೋರೋಗಿ ನಿಲಯಕ್ಕೆ ಬೆಂಕಿ ಬಿತ್ತು. 28 ಜನ ಸುಟ್ಟು ಸತ್ತರು. ಓಡಲು ಆಗಲಿಲ್ಲ, ಸರಪಳಿ ಬಿಗಿದಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 95ನೇ ಕಲಮು ಯಾವ ರೂಪದಲ್ಲೂ ಸರಪಳಿ ಹಾಕಬಾರದು ಎನ್ನುತ್ತದೆ. 115ನೇ ಕಲಮು, ಜೀವ ಕಳೆದುಕೊಳ್ಳಲು ಹೊರಟವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರ ಆರೈಕೆ ಸರ್ಕಾರದ ಹೊಣೆ ಎನ್ನುತ್ತದೆ. ಕರ್ನಾಟಕದ ಮೌಢ್ಯ ವಿರೋಧಿ ಕಾಯಿದೆಯೂ 2017ರದ್ದೇ, ಜಾರಿಯಾದದ್ದು 2020ರ ಜನವರಿಯಲ್ಲಿ. ಮೈಮೇಲೆ ಬರೆ ಎಳೆದವನನ್ನು ಈ ಕಾನೂನುಗಳು ಹಿಡಿಯಬಹುದು. ಮೆತ್ತಗೆ ಮಾತಾಡಿ ತಾಯಿಯ ಎದೆಗೆ ಬರೆ ಎಳೆದವನನ್ನು ಹಿಡಿಯಲು ನಮ್ಮ ಠಾಣೆಯವರಿಗೆ ಒಂದು ಕಲಮೂ ಸಿಗಲಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನಾನು ಅರ್ಧ ಸುಳ್ಳುಗಾರನಾಗುತ್ತೇನೆ. ನಿಮ್ಹಾನ್ಸ್‌ನ ಮನೋವೈದ್ಯ ಆರ್. ರಘುರಾಮ್ ಮತ್ತು ಜೊತೆಗಾರರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯೊಂದರಲ್ಲಿ ತಂಗಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ಅಭ್ಯಾಸ ಮಾಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಸರಾಸರಿ ಆರು ವಾರ ಗುಡಿಯಲ್ಲಿದ್ದ ಅವರ ರೋಗಲಕ್ಷಣಗಳು ಅಳತೆಪಟ್ಟಿಯಲ್ಲಿ ಸುಮಾರು ಶೇ. 20ರಷ್ಟು ಇಳಿದಿದ್ದವು. ದೆವ್ವ ಬಿಡಿಸುವ ವಿಧಿಯೇನೂ ಇರಲಿಲ್ಲ. ಹೆದರಿಸದ, ಹಂಗಿಸದ ಜಾಗವೊಂದರಲ್ಲಿ ಮನೆಯವರ ಜೊತೆ ನೆಮ್ಮದಿಯಾಗಿ ಇರಲು ಬಿಟ್ಟದ್ದೇ ಕೆಲಸ ಮಾಡಿದ್ದು ಎಂದು ಆ ವೈದ್ಯರು ಕಂಡರು. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ ‘ದವಾ–ದುವಾ’ ಎಂಬ ಕೆಲಸ ನಡೆದಿದೆ. ಮುಜಾವರರು ಹರಸಿ, ಅದೇ ಆವರಣದಲ್ಲಿ ಕೂತ ಮನೋವೈದ್ಯರ ಬಳಿಗೆ ಕಳಿಸುತ್ತಾರೆ. ಮಾತ್ರೆ ನುಂಗು ಎಂದು ಅವರೇ ಹೇಳುತ್ತಾರೆ. ಅಂದರೆ ದೇವರ ಬಾಗಿಲಲ್ಲಿ ನಿಂತ ಮನುಷ್ಯ ಮಾತ್ರೆಯ ಶತ್ರುವಾಗಲೇಬೇಕಿಲ್ಲ.

ಹಾಗಾದರೆ ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಏನಾಯಿತು? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೇ ಮಾದರಿ ಕೊಟ್ಟದ್ದು ನಮ್ಮ ಬಳ್ಳಾರಿ. ಆ ಹೆಮ್ಮೆಯನ್ನು ಎಷ್ಟೋ ಭಾಷಣಗಳಲ್ಲಿ ಕೇಳಿದ್ದೇನೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯನ್ನೂ ಓದಿದ್ದೇನೆ. ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಜನರಿಗೆ ಚಿಕಿತ್ಸೆಯೇ ಮುಟ್ಟಿಲ್ಲ. ಮುಟ್ಟಿದವರ ಕಥೆ ಅಕ್ಕನದು. ವಾರಕ್ಕೊಮ್ಮೆ ಬರುವ ಡಾಕ್ಟರು, ಬಾಗಿಲಾಚೆ ಉದ್ದದ ಸಾಲು, ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ಅಕ್ಕ ಮಾರೆಮ್ಮನ ಹೆಸರು ಎತ್ತಿದ ಕೂಡಲೇ ಅವರು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದು ಮಾತ್ರೆಯ ಪ್ರಮಾಣ ಏರಿಸಿದರು. ಮಗನ ಹೆಸರು ಏನಿತ್ತು ಎಂದು ಕೇಳಲಿಲ್ಲ. ನಾವು ಆ ಬೋರ್ಡಿನ ಮನುಷ್ಯನ ಬಳಿಗೆ ಓಡಿದ್ದು ಯಾಕೆಂದರೆ ಇಲ್ಲಿ ಕೇಳುವವರಿರಲಿಲ್ಲ. ಬಡವರು ಮೌಢ್ಯಕ್ಕೆ ಬೀಳುತ್ತಾರೆ ಎಂದು ವೇದಿಕೆಯ ಮೇಲೆ ಮರುಗುವವರು ಈ ನಾಲ್ಕು ನಿಮಿಷದ ಲೆಕ್ಕವನ್ನೂ ಕೊಡಬೇಕು.

ಸರ್ಕಾರಕ್ಕೆ ನಾನು ಕೇಳುವುದು ಭಿಕ್ಷೆಯಲ್ಲ. ಸರ್ಕಾರಿ ಆಸ್ಪತ್ರೆಗಳ ಅಂಗಳದಲ್ಲಿ ಗಣಪತಿ ಗುಡಿ ಕಟ್ಟಲು ಜಾಗ ಸಿಗುತ್ತದೆ. ಸಾಯುವವಳ ಪಕ್ಕ ಕೂತು ಅವಳ ದೇವರನ್ನೂ ಅವಳ ಭಯವನ್ನೂ ಕೇಳಿಸಿಕೊಳ್ಳುವ, ತರಬೇತಾದ ಒಬ್ಬ ಮನುಷ್ಯನಿಗೆ ಹುದ್ದೆ ಯಾಕಿಲ್ಲ? ವೆಲ್ಲೂರಿನ ಸಿಎಂಸಿಯಂಥ ಮಿಷನ್ ಆಸ್ಪತ್ರೆಗಳಲ್ಲಿ ರೋಗಿಗಳ ಆಧ್ಯಾತ್ಮಿಕ ಆರೈಕೆಗೆ ಚಾಪ್ಲೇನ್‌ಗಳಿದ್ದಾರೆ. ನಮಗೆ ಯಾವ ಮಠದ, ಯಾವ ಚರ್ಚಿನ, ಯಾವ ಮಸೀದಿಯ ಆಳೂ ಬೇಡ. ಕೇರಿಯಲ್ಲಿ ಹುಟ್ಟಿದ ಹುಡುಗಿ, ಜೋಗತಿಯ ಮಗಳು, ಪೌರಕಾರ್ಮಿಕರ ಮಗ ಈ ವಿದ್ಯೆ ಕಲಿಯಲಿ. ಮಾರೆಮ್ಮನನ್ನೂ ಮೈಲಾರನನ್ನೂ ದೆವ್ವದ ಲೆಕ್ಕಕ್ಕೆ ಹಾಕದ ಕಿವಿ ಅವರಿಗಿದೆ. ಮತ್ತೆ, ಅಧ್ಯಾತ್ಮದ ಹೆಸರಲ್ಲಿ ದುಡ್ಡು ಪಡೆದು ಮನಸ್ಸಿಗೆ ಚಿಕಿತ್ಸೆ ಮಾಡುವ ಪ್ರತಿಯೊಬ್ಬನೂ ನೋಂದಣಿಯ ಸಂಖ್ಯೆಯನ್ನು ಬಾಗಿಲಿಗೆ ತೂಗುಹಾಕಲಿ. ಜಾತಿ ಕೇಳಿದವನ, ಮಾತ್ರೆ ಬಿಡಿಸಿದವನ, ಸತ್ತ ಮಗುವಿನ ಮೇಲೆ ಕರ್ಮ ಹೊರಿಸಿದವನ ನೋಂದಣಿ ಅವತ್ತೇ ರದ್ದಾಗಲಿ.

ಓದುತ್ತಿರುವ ನಿಮ್ಮ ಮನೆಯಲ್ಲಿ ಇಂಥ ರಾತ್ರಿ ಇದ್ದರೆ ಬೋರ್ಡು ಹುಡುಕಬೇಡಿ. 14416ಕ್ಕೆ ಫೋನು ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ಪುಕ್ಕಟೆ, ಕನ್ನಡದಲ್ಲಿ ಮಾತಾಡುತ್ತಾರೆ. ಯಾವ ಪೈಕಿ ಎಂದು ಯಾರಾದರೂ ಕೇಳಿದರೆ ಎದ್ದು ಬನ್ನಿ. ನಾನು ಅವತ್ತು ಎದ್ದು ಬರಲಿಲ್ಲ.

ಬಾವಿಯ ಘಟನೆಯ ಮೇಲೆ ಅಕ್ಕ ಮತ್ತೆ ಆಸ್ಪತ್ರೆ ಸೇರಿದಳು. ಎರಡನೇ ದಿನ ಒಬ್ಬ ನರ್ಸ್ ಬಂದು ಮಂಚದ ತುದಿಗೆ ಕೂತಳು. ವಯಸ್ಸು ಮೂವತ್ತರ ಒಳಗೆ. “ರಾತ್ರಿ ಮಾರೆಮ್ಮ ಬಂದು ಏನಂತಾಳವ್ವ?” ಎಂದು ಕೇಳಿದಳು. ಅಲ್ಲಿಯವರೆಗೆ ಡಾಕ್ಟರೂ ಕೇಳದ, ಆ ಬೋರ್ಡಿನವನೂ ಕೇಳದ, ಒಡಹುಟ್ಟಿದ ನಾನೂ ಕೇಳದ ಪ್ರಶ್ನೆ ಅದು. ಅಕ್ಕ ತುಂಬ ಹೊತ್ತು ಸುಮ್ಮನಿದ್ದು, “ಏನೂ ಅನ್ನಾಕಿಲ್ಲ ಕಣವ್ವ. ನಂಜೊತೆ ಕೂತ್ಕಂಡು ಅಳ್ತಾಳೆ” ಎಂದಳು. ಮಗ ಹೋದ ಮೇಲೆ ಅಕ್ಕ ಗಟ್ಟಿಯಾಗಿ ಅತ್ತದ್ದು ಅವತ್ತೇ. ನರ್ಸ್ ಅವಳ ಕೈ ಬಿಡಲಿಲ್ಲ. ಬಿಡುಗಡೆಯ ದಿನ ಮಾತ್ರೆಯ ಪೊಟ್ಟಣ ಕೊಡುತ್ತಾ, ದಿನಾ ಇದನ್ನು ತಾಯಿಯ ಮುಂದೆ ಇಟ್ಟು ಆಮೇಲೆ ನುಂಗು ಎಂದಳು. ಅಕ್ಕ ಇವತ್ತಿಗೂ ಹಾಗೇ ಮಾಡುತ್ತಾಳೆ. ಒಂದು ದಿನವೂ ತಪ್ಪಿಸಿಲ್ಲ.

ಆ ನರ್ಸ್ ಗುತ್ತಿಗೆಯ ಮೇಲಿದ್ದಳು. ಮಾರ್ಚ್ ಕೊನೆಗೆ ಗುತ್ತಿಗೆ ಮುಗಿಯಿತು, ನವೀಕರಿಸಲಿಲ್ಲ. ಆ ಮನುಷ್ಯನ ಬೋರ್ಡು ಪಟ್ಟಣದ ಮುಖ್ಯರಸ್ತೆಯಲ್ಲಿ ಇನ್ನೂ ಇದೆ.